ಅಂಗಳದಲ್ಲಿರುವ ಹಳೆಯ ಡಾಡ್ಜ್ ವಿಶ್ವೇಶ್ವರಯ್ಯನವರು ತಯಾರಿಸಿದ ಕಾರೇ? ಒಂದು ಫಾರ್ವರ್ಡ್‌ನ ಸತ್ಯಾಸತ್ಯತೆ

ಮಂಗಳೂರಿನ ಕೊಡಿಯಾಲ್‌ಬೈಲ್‌ನ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ ಇದು ನಿಜವೇ ಎಂದು ಕೇಳಿದ್ದಾರೆ. ಫೋಟೋದಲ್ಲಿ ಹೆಂಚಿನ ಮನೆಯ ಅಂಗಳ, ಬಾನೆಟ್ ತೆರೆದ ಉದ್ದನೆಯ ಹಳೆಯ ಡಾಡ್ಜ್ ಕಾರು, ಸುತ್ತ ಸ್ಪ್ಯಾನರ್ ಹಿಡಿದ ಅಪ್ಪ, ಮಕ್ಕಳು, ಅಜ್ಜ ಇದ್ದಾರೆ. ಕೆಳಗಿನ ಬರಹದ ಪ್ರಕಾರ ಇದು ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತಯಾರಿಸಿದ ಮಸಲ್ ಕಾರು. ಬ್ರಿಟಿಷರು ಹೊಟ್ಟೆಕಿಚ್ಚಿನಿಂದ ಆ ಕಾರ್ಖಾನೆ ಮುಚ್ಚಿಸಿದರು. ಉಳಿದ ಒಂದು ಕಾರನ್ನು ಈ ಕುಟುಂಬ ಮತ್ತೆ ಓಡುವಂತೆ ಮಾಡುತ್ತಿದೆ.

ಕಾರ್ಖಾನೆ ಮುಚ್ಚಲಿಲ್ಲ, ಏಕೆಂದರೆ ಅದು ತೆರೆದೇ ಇರಲಿಲ್ಲ. ವಿಶ್ವೇಶ್ವರಯ್ಯನವರು ಕಾರು ತಯಾರಿಸಲಿಲ್ಲ. ಆದರೆ ಈ ಫಾರ್ವರ್ಡನ್ನು ಪೂರ್ತಿ ಸುಳ್ಳು ಎಂದು ಬದಿಗಿಡುವುದೂ ಸರಿಯಲ್ಲ. ಅವರ ಬದುಕಿನ ಒಂದು ಅಧ್ಯಾಯಕ್ಕೂ ಆ ಡಾಡ್ಜ್‌ಗೂ ನಿಜವಾಗಿಯೂ ನಂಟಿದೆ.

ಮೊದಲು ಕಾರಿನ ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ ಉದ್ದನೆಯ ಹಳೆಯ ಅಮೆರಿಕನ್ ಕಾರು ಕಂಡರೆ ಸಾಕು, ಮಸಲ್ ಕಾರು ಎಂದುಬಿಡುತ್ತೇವೆ. ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ ಬಾಡಿಗೆ ದೊಡ್ಡ ವಿ-8 ಎಂಜಿನ್ ಕೂರಿಸಿದ, ವೇಗಕ್ಕೆಂದೇ ಮಾಡಿದ ಕಾರು. ಆ ಅಲೆ ಎದ್ದದ್ದು 1964ರ ಪಾಂಟಿಯಾಕ್ ಜಿಟಿಓ ಬಂದ ಮೇಲೆ. ಅದರ ಎಂಜಿನ್ 6.4 ಲೀಟರಿನದು. ಡಾಡ್ಜ್ ಚಾರ್ಜರ್, ಪ್ಲಿಮತ್ ಬಾರಾಕುಡಾ ಅದೇ ಸಾಲಿನವು. ಫೋಟೋದಲ್ಲಿರುವ ಬಗೆಯ ಡಾಡ್ಜ್ ಕಿಂಗ್ಸ್‌ವೇ ಅದಕ್ಕೂ ಹಿಂದಿನ ತಲೆಮಾರಿನದು. ಸುಮಾರು 3.6 ಲೀಟರಿನ, ಆರು ಸಿಲಿಂಡರ್ ಸಾಲಾಗಿರುವ, ಮೆಲ್ಲಗೆ ಎಳೆಯುವ ಎಂಜಿನ್ ಅದರದು. ಆದರೆ ಕಂಪನಿ ಒಂದೇ, ಕ್ರೈಸ್ಲರ್. ಮಸಲ್ ಕಾರಿನ ಅಜ್ಜ ಎಂದು ಬೇಕಾದರೆ ಕರೆಯಬಹುದು. ಆ ಅಜ್ಜ ಭಾರತಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಉತ್ತರ ಮುದ್ದೇನಹಳ್ಳಿಯಿಂದ ಶುರುವಾಗುತ್ತದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ವರ್ಷವನ್ನು ಕೆಲವೆಡೆ 1860 ಎಂದೂ ಕೆಲವೆಡೆ 1861 ಎಂದೂ ಬರೆಯುತ್ತಾರೆ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿಂದ ಮುಂದಿನದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು, ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ತಾನಾಗಿ ತೆರೆದುಕೊಳ್ಳುವ ಗೇಟುಗಳು, 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ನೆರೆ ತಡೆಯುವ ಯೋಜನೆ. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯದ ಜತೆ ಅವರ ಹೆಸರು ಬೆಸೆದುಕೊಂಡದ್ದು ಈ ವರ್ಷಗಳಲ್ಲಿ. ರೈಲು ಹಳಿಯ ಸದ್ದು, ಎರಡು ಮೇಣದಬತ್ತಿ, ರಾಜೀನಾಮೆ ಕೊಟ್ಟು ಸ್ವಂತ ಕಾರಿನಲ್ಲಿ ಮನೆಗೆ ಮರಳಿದ್ದು ಮುಂತಾದ ಕಥೆಗಳು ಪ್ರತಿ ಸೆಪ್ಟೆಂಬರಿನಲ್ಲಿ ಫೋನಿಗೆ ಬಂದು ಬೀಳುತ್ತವೆ. ಇವತ್ತು ಅವುಗಳ ಗೊಡವೆಗೆ ನಾವು ಹೋಗುವುದಿಲ್ಲ. ಮಂಗಳೂರಿನವರು ಒಂದನ್ನು ಮಾತ್ರ ನೆನಪಿಡಬೇಕು: ಅವರು ದಿವಾನರಾಗಿದ್ದಾಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅವರ ಅಧಿಕಾರ ಇಲ್ಲಿಗೆ ತಲುಪುತ್ತಿರಲಿಲ್ಲ.

ಕಾರಿನ ಕಥೆಗೆ ಬೇಕಾದದ್ದು ಭದ್ರಾವತಿ. ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಬೇಕೆಂಬ ಯೋಜನೆಗೆ ಅವರು ದಿವಾನರಾಗಿದ್ದಾಗಲೇ ಒಪ್ಪಿಗೆ ಸಿಕ್ಕಿತ್ತು. 1923ರಲ್ಲಿ ಉತ್ಪಾದನೆ ಶುರುವಾಯಿತು, ಆದರೆ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಇಳಿಯಿತು. ಆಗ ಅದರ ಆಡಳಿತವನ್ನು ವಿಶ್ವೇಶ್ವರಯ್ಯನವರಿಗೇ ಒಪ್ಪಿಸಿದರು. 1929ರವರೆಗೆ ಅದನ್ನು ನಡೆಸಿ, ಹಾದಿಗೆ ತಂದು ಬಿಟ್ಟುಕೊಟ್ಟರು. ಅದೇ ಕಾಲದಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿಯಲ್ಲೂ ಇದ್ದರು. ಕಬ್ಬಿಣ ಕರಗಿಸುವುದು ಎಷ್ಟು ಕಷ್ಟ, ಕರಗಿಸಿದ್ದನ್ನು ಹಾಗೆಯೇ ಮಾರಿದರೆ ಸಿಗುವುದು ಎಷ್ಟು ಕಡಿಮೆ, ಇವೆರಡೂ ಅವರಿಗೆ ಲೆಕ್ಕದ ಪುಸ್ತಕದಿಂದಲೇ ಗೊತ್ತಿತ್ತು.

ಆಗ ಭಾರತದಲ್ಲಿ ಮೋಟಾರುಗಳಿಗೇನೂ ಕೊರತೆ ಇರಲಿಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ನಮ್ಮ ಅಜ್ಜಂದಿರ ಸಿಪಿಸಿ, 1914ರಷ್ಟು ಹಿಂದೆಯೇ ಬಸ್ಸು ಓಡಿಸಲು ಶುರು ಮಾಡಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯಲ್ಲಿ ಷೆವ್ರೊಲೆ ಕಾರುಗಳನ್ನು ಜೋಡಿಸಲಾರಂಭಿಸಿತು. ಸ್ವಲ್ಪ ವರ್ಷಗಳಲ್ಲಿ ಫೋರ್ಡ್ ಕೂಡ ಬಂತು. ಜೋಡಿಸುವುದು ಎಂದರೆ ಹಡಗಿನಲ್ಲಿ ಪೆಟ್ಟಿಗೆಗಳಲ್ಲಿ ಬಂದ ಭಾಗಗಳಿಗೆ ಇಲ್ಲಿ ಬೋಲ್ಟು ಬಿಗಿದು ಬಣ್ಣ ಬಳಿಯುವುದು. ಎಂಜಿನ್, ಗೇರ್‌ಪೆಟ್ಟಿಗೆ, ಬೇರಿಂಗು ಎಲ್ಲವೂ ಹೊರಗಿನವು. ಒಂದು ಪಿಸ್ಟನ್ ಹೋದರೂ ಮತ್ತೆ ಹಡಗು ಕಾಯಬೇಕು. ಹಳೆಯ ಕಾರನ್ನು ಮನೆಯಲ್ಲಿ ರಿಪೇರಿ ಮಾಡಲು ಹೊರಟ ಯಾರಿಗೂ ಈ ಸಂಕಟವನ್ನು ವಿವರಿಸಬೇಕಿಲ್ಲ. ಜೋಡಿಸುವುದಕ್ಕೂ ತಯಾರಿಸುವುದಕ್ಕೂ ಇರುವ ಈ ವ್ಯತ್ಯಾಸವೇ ವಿಶ್ವೇಶ್ವರಯ್ಯನವರ ಹಟಕ್ಕೆ ಕಾರಣ.

1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮೋಟಾರು ಉದ್ಯಮವನ್ನು ನೋಡಿ ಬರಲೆಂದೇ ಯುರೋಪು, ಅಮೆರಿಕ ಸುತ್ತಿದರು. ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ಕಂಡರು. ಮರುವರ್ಷ ಬೊಂಬಾಯಿಯಲ್ಲಿ ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧವಾಯಿತು. ಫಾರ್ವರ್ಡ್ ಹೇಳುವಂತೆ ಬೆಂಗಳೂರು ಅಲ್ಲ, ಮೊದಲು ಬೊಂಬಾಯಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆಗೂಡಿದರು. 1937ರಲ್ಲಿ ಬಂದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ, ಹಣ ಹೂಡಿದವರಿಗೆ ಕನಿಷ್ಠ ಬಡ್ಡಿಯ ಖಾತ್ರಿ ಕೊಡಲು ಮುಂದಾಯಿತು. ಇನ್ನೇನು ಕೆಲಸ ಆಗುತ್ತದೆ ಎನ್ನುವಾಗ ಎರಡನೆಯ ಮಹಾಯುದ್ಧ ಬಂತು. ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದದ್ದನ್ನು ವಿರೋಧಿಸಿ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಖಾತ್ರಿಯೂ ಅದರೊಂದಿಗೇ ಹೋಯಿತು.

ವಾಲ್‌ಚಂದ್ ಅಮೆರಿಕಕ್ಕೆ ಹೋದರು. ಫೋರ್ಡ್ ಜತೆ ಮಾತು ಕುದುರಲಿಲ್ಲ, ಕ್ರೈಸ್ಲರ್ ಒಪ್ಪಿತು. ಆಗ ಯೋಜನೆ ಮೈಸೂರಿನತ್ತ ತಿರುಗಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಆಸಕ್ತಿ ಇತ್ತು. ಫಾರ್ವರ್ಡ್‌ನಲ್ಲಿ ಬೆಂಗಳೂರು ನುಸುಳಿದ್ದು ಇಲ್ಲಿಂದಲೇ ಇರಬೇಕು. ಆದರೆ ಯಂತ್ರ ತರಿಸಲು ಡಾಲರು ಬೇಕು, ಡಾಲರಿಗೂ ಹಡಗಿಗೂ ದೆಹಲಿಯ ಒಪ್ಪಿಗೆ ಬೇಕು. ಈ ಕಾರ್ಖಾನೆಯಿಂದ ಯುದ್ಧಕ್ಕೆ ಕೂಡಲೇ ಸಹಾಯವಾಗದು ಎಂದು ಬ್ರಿಟಿಷ್ ಭಾರತ ಸರಕಾರ ಒಪ್ಪಿಗೆ ಕೊಡಲಿಲ್ಲ. ಅದೇ ಯುದ್ಧಕ್ಕೆ ವಿದೇಶಿ ಕಂಪನಿಗಳು ಬೊಂಬಾಯಿಯಲ್ಲಿ ಲಾರಿಗಳನ್ನು ಜೋಡಿಸಿ ಕೊಡುತ್ತಿದ್ದವು. ಹೊಟ್ಟೆಕಿಚ್ಚು ಎನ್ನುವುದಕ್ಕಿಂತ ಯಾರ ಲಾಭವನ್ನು ಯಾರು ಕಾಯುತ್ತಿದ್ದರು ಎಂದು ನೋಡಿದರೆ ವಿಷಯ ಹೆಚ್ಚು ತಿಳಿಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಕಾರಿಗೆ ಒಪ್ಪಿಗೆ ಸಿಗದ ಅದೇ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹುಟ್ಟಿತು. ಅದನ್ನು ಕಟ್ಟಿದವರೂ ವಾಲ್‌ಚಂದ್, ಮೈಸೂರು ಸರಕಾರದ ಜತೆ. ವಿಮಾನ ಯುದ್ಧಕ್ಕೆ ಬೇಕಿತ್ತು, ಹಾಗಾಗಿ ಬಾಗಿಲು ತೆರೆಯಿತು. ಇವತ್ತಿನ ಎಚ್‌ಎಎಲ್ ಅದೇ.

ಕಾರಿನ ಕಂಪನಿ ಕೊನೆಗೂ ಬಂತು, ಪ್ರೀಮಿಯರ್ ಆಟೊಮೊಬೈಲ್ಸ್ ಹೆಸರಿನಲ್ಲಿ, 1944ರಲ್ಲಿ, ಬೊಂಬಾಯಿಯಲ್ಲಿಯೇ. ಅದು ವಾಲ್‌ಚಂದ್ ಅವರದು. ಸ್ವಾತಂತ್ರ್ಯ ಬರುವ ಹೊತ್ತಿಗೆ ಕುರ್ಲಾದ ಕಾರ್ಖಾನೆಯಲ್ಲಿ ಕ್ರೈಸ್ಲರ್‌ನ ಡಾಡ್ಜ್, ಪ್ಲಿಮತ್, ಡಿಸೊಟೊ ಗಾಡಿಗಳ ಕೆಲಸ ಶುರುವಾಗಿತ್ತು. ಆಮೇಲೆ ಫಿಯಟ್ ಬಂತು, ಅದರಿಂದ ಪದ್ಮಿನಿ ಬಂತು. 1953ರಲ್ಲಿ ಸರಕಾರ ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಜಾಗ ಖಾಲಿ ಮಾಡಬೇಕು ಎಂಬ ನೀತಿ ತಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ವಿಶ್ವೇಶ್ವರಯ್ಯನವರು ಹದಿನೇಳು ವರ್ಷಗಳ ಹಿಂದೆ ಹಿಡಿದಿದ್ದ ವಾದ ಹೀಗೆ ಸರಕಾರದ ನೀತಿಯಾಯಿತು. ಕಾರು ಮಾತ್ರ ಅವರ ಕೈಯಿಂದ ಬರಲಿಲ್ಲ.

ಭದ್ರಾವತಿಯ ಸೇವೆಗೆ ಬಂದ ಸಂಭಾವನೆಯನ್ನು ಅವರು ಕೈಕಸುಬು ಕಲಿಸುವ ಸಂಸ್ಥೆಗೆಂದು ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಮೂಲ ಅದು. ಲೇತ್ ಮೇಲೆ ನಿಂತು, ಸಿಗದ ಭಾಗವನ್ನು ತಾವೇ ಕಡೆದು ಕೊಡುವವರು ತಯಾರಾಗುವುದು ಇಂಥ ಕಡೆ. ಅವರಿಲ್ಲದೆ ಹಳೆಯ ಕಾರು ಅಂಗಳ ಬಿಟ್ಟು ಕದಲುವುದಿಲ್ಲ. 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಬಂತು. 1960ರಲ್ಲಿ, ಅವರು ಬದುಕಿದ್ದಾಗಲೇ, ಅವರ ಚಿತ್ರದ ಅಂಚೆಚೀಟಿ ಹೊರಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಆದ್ದರಿಂದ ಫಾರ್ವರ್ಡನ್ನು ಹಂಚುವುದಾದರೆ ಹೀಗೆ ತಿದ್ದಿ ಹಂಚಿ: ಕಾರು ಅಮೆರಿಕದ ಕ್ರೈಸ್ಲರ್‌ನದು, ಮಸಲ್ ಕಾರಲ್ಲ, ಕಾರ್ಖಾನೆಯ ಕನಸು ವಿಶ್ವೇಶ್ವರಯ್ಯನವರದು, ಕಟ್ಟಿದವರು ವಾಲ್‌ಚಂದ್, ಬೊಂಬಾಯಿಯಲ್ಲಿ, ತಡೆದದ್ದು ಯುದ್ಧಕಾಲದ ಸರಕಾರ.

ಆ ಓದುಗರ ಮನೆಯಲ್ಲೂ ಅಜ್ಜನ ಕಾಲದ ಡಾಡ್ಜ್ ಒಂದಿದೆಯಂತೆ, ಈ ರಜೆಯಲ್ಲಿ ಮಕ್ಕಳೊಂದಿಗೆ ಕೆಲಸ ಶುರು ಮಾಡುತ್ತಾರಂತೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರಿದು. ತುಕ್ಕು ಮೇಲಿನಿಂದ ಕಾಣುವುದಕ್ಕಿಂತ ಕೆಳಗೆ, ಕಾಲಿಡುವ ತಗಡಿನಲ್ಲಿ, ಬಾಗಿಲಿನ ಒಳಮಡಿಕೆಯಲ್ಲಿ ಹೆಚ್ಚಿರುತ್ತದೆ. ಬಣ್ಣಕ್ಕೆ ಕೈ ಹಾಕುವ ಮೊದಲು ಅಲ್ಲಿ ನೋಡಿ. 1950ರ ಆಸುಪಾಸಿನ ಈ ಗಾಡಿಗಳಿಗೆ 6 ವೋಲ್ಟ್ ಬ್ಯಾಟರಿ. ಬಾಡಿಗೆ ಜೋಡಿಸುವುದು ಪ್ಲಸ್ ತುದಿಯನ್ನು, ಈಗಿನ ಕಾರಿನಂತೆ ಮೈನಸ್ ಅಲ್ಲ. ಎಡಬದಿಯ ಚಕ್ರಗಳ ಬೋಲ್ಟಿಗೆ ಉಲ್ಟಾ ಮರೆ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಎಡಕ್ಕೆ ಜೋರು ಹಾಕಿದರೆ ಬೋಲ್ಟೇ ಮುರಿಯುತ್ತದೆ. ಇದು ಕ್ರೈಸ್ಲರ್‌ನ ಹಳೆಯ ಅಭ್ಯಾಸ, 1960ರ ದಶಕದ ಮಸಲ್ ಕಾರುಗಳಲ್ಲೂ ಇತ್ತು.

ಡೀಸೆಲ್ ಎಂಜಿನ್ ಕೂರಿಸಿದರೆ ಸುಲಭ ಎಂದು ಹೇಳುವವರು ಬರುತ್ತಾರೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲಿ ಉಳಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಇರುತ್ತವೆ. ಗಾಡಿಯ ಮೂಲ ರೂಪ ಗಣನೀಯವಾಗಿ ಬದಲಾಗಿದ್ದರೆ ಅದು ಸಿಗುವುದಿಲ್ಲ. ತುಕ್ಕು ಉಜ್ಜುವಾಗ ಬಾನೆಟ್ ಕೆಳಗೆ ಚಿಕ್ಕ ತಗಡಿನ ಪಟ್ಟಿ ಸಿಕ್ಕರೆ ಅದರ ಮೇಲಿನ ಅಕ್ಷರ ಅಳಿಸಬೇಡಿ. ಪ್ರೀಮಿಯರ್ ಆಟೊಮೊಬೈಲ್ಸ್, ಬೊಂಬಾಯಿ ಎಂದಿದೆಯೇ ಎಂದು ನೋಡಿ, ಫೋಟೋ ತೆಗೆದು ನಮಗೂ ಕಳಿಸಿ.