ಸಂಗೀತಪೋಷಕ ಶ್ರೀ ಜಯಚಾಮರಾಜ ಒಡೆಯರು
ಧರ್ಮಪುರಿಯಿನ್ನೂ ಸೇಲಂ ಜಿಲ್ಲೆಯಲ್ಲೇ ಇದ್ದ 1964ರಲ್ಲಿ ನಮ್ಮ ರಾಜ್ಯಪಾಲರಾಗಿ ಮದರಾಸಿಗೆ ಬಂದವರು ಶ್ರೀ ಜಯಚಾಮರಾಜ ಒಡೆಯರು (1919–1974). ಮೈಸೂರಿನ ಕಡೆಯ ಅರಸರೆಂದು ಅವರನ್ನು ಗಡಿನಾಡಿನ ನಾವೆಲ್ಲ ಬಲ್ಲೆವು. ಪಾಶ್ಚಾತ್ಯ ವಾದ್ಯವೃಂದಗಳಿಗೆ ಅವರು ಆಸರೆಯಾದುದನ್ನು ಬಲ್ಲವರು ವಿರಳ.

ಪಿಯಾನೊ ವಾದಕರಾಗುವ ಹಂಬಲ ಅವರದಾಗಿತ್ತು. 1940ರಲ್ಲಿ ಪಟ್ಟವೇರಿದ ಮೇಲೆ ಅದು ಈಡೇರಲಿಲ್ಲ. ತಮಗೆ ದಕ್ಕದ ವೇದಿಕೆಯನ್ನು ಇತರರಿಗೆ ಒದಗಿಸಿದ ಔದಾರ್ಯವನ್ನು ನಾನು ದೊಡ್ಡದೆಂದೆಣಿಸುತ್ತೇನೆ. ನಿರ್ದೇಶಕನೆಷ್ಟೇ ಸಮರ್ಥನಾದರೂ ವಾದಕರ ಸಂಬಳವನ್ನು ಯಾರಾದರೂ ತೆರಬೇಕಷ್ಟೆ! ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದಕ್ಕೆ ಅವರಿತ್ತ ಧನದಿಂದ ಕರಯಾನರ ನಿರ್ದೇಶನದಲ್ಲಿ ಧ್ವನಿಮುದ್ರಣಗಳಾದವು. ಜರ್ಮನಿಯ ರಿಚರ್ಡ್ ಸ್ಟ್ರೌಸರು 1949ರಲ್ಲಿ ಕಾಲವಾದರು. ಅವರ ಕೊನೆಯ ನಾಲ್ಕು ಗೀತೆಗಳು ಮರುವರ್ಷ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರರ ನಿರ್ದೇಶನದಲ್ಲಿ ಮೊದಲ ಬಾರಿಗೆ ಕೇಳಿಬಂದುದು ಒಡೆಯರು ಹಣದ ಹೊಣೆ ಹೊತ್ತುದರಿಂದ. ಅದರ ಧ್ವನಿಮುದ್ರಿಕೆ ಮೈಸೂರಿಗೆ ಬಂದಿತು. ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದವರೂ ಇವರೇ.