ನಂಜನಗೂಡಿನ ರಾಜೇಶ್ವರಿ ಮತ್ತು ನನ್ನ ಪಿಎಚ್‌ಡಿ ಲೆಕ್ಕ

ಪಿಎಚ್‌ಡಿ ಅಂದರೆ ಇನ್ನೂ ಐದು ವರ್ಷ ಅಪ್ಪನ ದುಡ್ಡಲ್ಲಿ ಓದುವುದು ಎಂಬ ನಂಬಿಕೆ ನಮ್ಮ ಅಜ್ಜೀಪುರದ ಕಡೆ ಗಟ್ಟಿಯಾಗಿದೆ. ಬಿಇ ಮುಗಿಯಬೇಕು, ಕೆಲಸ ಸಿಗಬೇಕು, ಸಾಲ ತೀರಬೇಕು. ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನ ಮುಂದಿರುವುದೂ ಅದೇ ಲೆಕ್ಕ. ಆದರೆ ರಾಜೇಶ್ವರಿ ಚಟರ್ಜಿ ಅವರ ಬದುಕನ್ನು ಓದಿದ ಮೇಲೆ ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅನ್ನಿಸುತ್ತಿದೆ. ಸಂಶೋಧನೆ ಮಾಡುವವರಿಗೆ ಯಾರೋ ಹಣ ಕೊಡುತ್ತಾರೆ ಎಂಬ ಸಾಲು ಅದು.

ಅವರು ಹುಟ್ಟಿದ್ದು 1922ರ ಜನವರಿ 24ರಂದು, ನಮಗೆ ದೂರವೇನೂ ಅಲ್ಲದ ನಂಜನಗೂಡಿನಲ್ಲಿ. ಬಡತನದಿಂದ ಎದ್ದು ಬಂದ ಕಥೆ ಇದಲ್ಲ. ತಂದೆ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರಿನ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂಥ ಅಜ್ಜಿ ಎಷ್ಟು ಮನೆಯಲ್ಲಿರುತ್ತಾರೆ ಹೇಳಿ! ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂಎಸ್ಸಿ ಮುಗಿಸಿದ ರಾಜೇಶ್ವರಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಆರಿಸಿಕೊಂಡದ್ದು ಮಾತ್ರ ಗಣಿತವನ್ನಲ್ಲ, ಕಮ್ಯುನಿಕೇಷನ್ ಕ್ಷೇತ್ರವನ್ನು.

ಎರಡನೇ ಮಹಾಯುದ್ಧ ಮುಗಿದಿತ್ತು. ವಿದೇಶದಲ್ಲಿ ಓದಲು ಯುವ ವಿಜ್ಞಾನಿಗಳಿಗೆ ದೆಹಲಿ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಿತ್ತು. ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಹಾಕಿದರು, 1946ರಲ್ಲಿ ಆಯ್ಕೆಯಾದರು. ಮದುವೆಯಾಗದ ಹುಡುಗಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟದ್ದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಕ್ಕಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಭಾಗ. ಸ್ನಾತಕೋತ್ತರ ಪದವಿ ಮುಗಿದರೂ ಅವರು ನೇರ ಪಿಎಚ್‌ಡಿಗೆ ಹೋಗುವಂತಿರಲಿಲ್ಲ. ಸರ್ಕಾರದೊಂದಿಗಿನ ಒಪ್ಪಂದದಂತೆ ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೊ ತರಂಗಾಂತರಗಳ ಮಾಪನದ ತರಬೇತಿ ಪಡೆದರು. ಆಮೇಲೆ 1949ರಲ್ಲಿ ಮಿಷಿಗನ್‌ಗೆ ಮರಳಿದರು. ಈ ಸಲ ಆಸರೆಯಾದದ್ದು ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರಿಗೂ ಇದೇ ದೊರೆತಿತ್ತು. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರ ಆರಂಭದಲ್ಲಿ ಪಿಎಚ್‌ಡಿ ಕೈಗೆ ಬಂತು. ಬೆಂಗಳೂರಿನಲ್ಲಿ ಸಂಶೋಧನೆಗೆ ಕಾಲಿಟ್ಟು ಹತ್ತು ವರ್ಷ ಆಗಿತ್ತು. ಒಂದು ನೆರವು ಮುಗಿದಾಗ ಇನ್ನೊಂದನ್ನು ಹುಡುಕಿಕೊಂಡೇ ಅಲ್ಲಿಗೆ ಮುಟ್ಟಿದರು.

ಈಗ ಹಡಗು ಹತ್ತಲೇಬೇಕೆಂದಿಲ್ಲ. ಕೇಂದ್ರ ಸರ್ಕಾರದ ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ ಆದರೆ 42,000. ಬಿಇ ಮುಗಿಸಿದವರು ಒಳ್ಳೆಯ ಗೇಟ್ ಅಂಕವಿದ್ದರೆ ಎಂ.ಟೆಕ್ ಮಾಡದೆಯೂ ರಾಜೇಶ್ವರಿಯವರು ಓದಿದ ಅದೇ ಸಂಸ್ಥೆಯ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಕ್ಯಾಂಪಸ್ ಪ್ಲೇಸ್‌ಮೆಂಟ್ ಬಗ್ಗೆ ದಿನವಿಡೀ ಮಾತಾಡುವ ನಾವು ಇದರ ಬಗ್ಗೆ ಎಷ್ಟು ಮಾತಾಡುತ್ತೇವೆ? ಆ ಹಣದಲ್ಲಿ ಶುಲ್ಕ, ಊಟ, ಹಾಸ್ಟೆಲ್ ಎಲ್ಲ ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂದು ನಾನಂತೂ ಲೆಕ್ಕ ಹಾಕುತ್ತಿದ್ದೇನೆ.

ತಾಯ್ನಾಡಿಗೆ ಬಂದ ರಾಜೇಶ್ವರಿ 1953ರಲ್ಲೇ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದರು, ಅಲ್ಲಿನ ಪ್ರಾಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ದೇಶದಲ್ಲಿ ಮೈಕ್ರೋವೇವ್ ಸಂಶೋಧನೆಗೆ ಅಡಿಪಾಯ ಹಾಕಿದವರು ಈ ದಂಪತಿ. ಮುಂದೆ ವಿಭಾಗದ ಮುಖ್ಯಸ್ಥೆಯೂ ಆಗಿ, 1982ರಲ್ಲಿ ನಿವೃತ್ತರಾದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಅಷ್ಟರಲ್ಲಿ ಅವರ ಕೈಕೆಳಗೆ 20 ಮಂದಿ ಪಿಎಚ್‌ಡಿ ಮುಗಿಸಿದ್ದರು.