ರೋಗಿಯ ಕೈಗೇ ಲಗಾಮು ಕೊಟ್ಟ ವೈದ್ಯ ಜೋಸ್ಲಿನ್

ಯಾದಗಿರಿ, ಶಹಾಪುರ, ಸುರಪುರದ ದವಾಖಾನೆಗಳಿಗೆ ಹೋಗುವ ಸಕ್ಕರೆ ಕಾಯಿಲೆಯವರಿಗೆ ಇಂದು ದೊರೆಯುವ ಸಲಹೆ ರಾಜ್ಯದ ಇತರೆಡೆಗಳಂತೆಯೇ ಇರುತ್ತದೆ. ಊಟದಲ್ಲಿ ಮಿತಿ ಬೇಕು, ತೂಕ ಇಳಿಯಬೇಕು, ಮನೆಯಲ್ಲೇ ಸಕ್ಕರೆಯ ಪ್ರಮಾಣ ನೋಡಿಕೊಳ್ಳಬೇಕು. ಈ ಮೂರನ್ನೂ ಒಟ್ಟುಗೂಡಿಸಿ, ರೋಗಿಗೆ ಕಲಿಸಬೇಕಾದ ವಿದ್ಯೆಯಾಗಿ ರೂಪಿಸಿದವರಲ್ಲಿ ಅಮೆರಿಕದ ವೈದ್ಯ ಎಲಿಯಟ್ ಜೋಸ್ಲಿನ್ ಅಗ್ರಗಣ್ಯರು.

1869ರ ಜೂನ್ 6ರಂದು ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಚಿಕ್ಕ ಊರಿನಲ್ಲಿ ಜೋಸ್ಲಿನ್ ಜನಿಸಿದರು. 1895ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದು, 1898ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಆರಂಭಿಸಿದರು. ತಾವು ಕಂಡ ಪ್ರತಿಯೊಬ್ಬ ಮಧುಮೇಹಿಯ ವಿವರವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಅವರ ಜೀವಮಾನದ ಅಭ್ಯಾಸ. ಆ ಪುಸ್ತಕದಲ್ಲಿ ಅವರ ಸ್ವಂತ ತಾಯಿಯ ಹೆಸರೂ ಸೇರಿತು. ಕಟ್ಟುನಿಟ್ಟಿನ ಪಥ್ಯದಿಂದ ಆಕೆ ಹಲವು ವರ್ಷ ಬದುಕಿದ್ದು ಮಗನ ನಂಬಿಕೆಯನ್ನು ಗಟ್ಟಿಗೊಳಿಸಿತು.

ಅದು ಇನ್ಸುಲಿನ್ ಇಲ್ಲದ ಕಾಲ. ಮಧುಮೇಹ ತಗುಲಿದ ಮಕ್ಕಳು ಉಳಿಯುತ್ತಿರಲಿಲ್ಲ. ಫ್ರೆಡರಿಕ್ ಆಲೆನ್ ಎಂಬ ವೈದ್ಯರು ರೂಪಿಸಿದ ಉಪವಾಸದ ಕಠಿಣ ಚಿಕಿತ್ಸೆಯನ್ನು ಜೋಸ್ಲಿನ್ ಅನುಸರಿಸಿದರು. ರೋಗಿಗಳು ಅಸ್ಥಿಪಂಜರದಂತಾಗುತ್ತಿದ್ದರೂ ಒಂದಿಷ್ಟು ಕಾಲ ಹೆಚ್ಚು ಬದುಕುತ್ತಿದ್ದರು. 1916ರಲ್ಲಿ ವೈದ್ಯರಿಗಾಗಿ ಗ್ರಂಥವೊಂದನ್ನು ಬರೆದ ಜೋಸ್ಲಿನ್, 1918ರಲ್ಲಿ ರೋಗಿಗಳಿಗಾಗಿಯೇ ಕೈಪಿಡಿ ಹೊರತಂದರು. ಆಹಾರವನ್ನು ತೂಗಿ ತಿನ್ನುವುದನ್ನೂ ಮೂತ್ರವನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನೂ ಕಲಿಸಿದರು. ಬೆನೆಡಿಕ್ಟ್ ದ್ರಾವಣದಲ್ಲಿ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದಾಗ ನೀಲಿ ಬಣ್ಣ ಉಳಿದರೆ ಸಕ್ಕರೆ ಇಲ್ಲವೆಂದೂ, ಇಟ್ಟಿಗೆಗೆಂಪಿಗೆ ತಿರುಗಿದರೆ ಬಹಳ ಇದೆಯೆಂದೂ ಅರ್ಥ.

1921ರಲ್ಲಿ ಅವರು ಪ್ರಕಟಿಸಿದ ಲೇಖನವೊಂದು ಗಮನ ಸೆಳೆಯಿತು. ಒಂದೇ ಬೀದಿಯ ಅಕ್ಕಪಕ್ಕದ ಮೂರು ಮನೆಗಳಲ್ಲಿ ಒಂದಾದ ಮೇಲೊಂದರಂತೆ ವಾಸಿಸಿದ್ದ ಏಳು ಮಂದಿ ಹಿರಿಯರಲ್ಲಿ ಆರು ಮಂದಿ ಮಧುಮೇಹದಿಂದ ತೀರಿಹೋಗಿದ್ದರು. ಇದೇ ಸಾಂಕ್ರಾಮಿಕ ರೋಗವಾಗಿದ್ದರೆ ಊರೇ ಎಚ್ಚೆತ್ತುಕೊಳ್ಳುತ್ತಿತ್ತು ಎಂಬುದು ಅವರ ಕಳವಳ. ಬೊಜ್ಜಿಗೂ ಈ ರೋಗಕ್ಕೂ ಇರುವ ನಂಟನ್ನು ಎತ್ತಿ ತೋರಿ, ತೂಕ ಹತೋಟಿಯಲ್ಲಿಟ್ಟು ರೋಗವನ್ನೇ ತಡೆಯಬೇಕೆಂದು ಅವರು ಪ್ರತಿಪಾದಿಸಿದರು.

1922ರ ಆಗಸ್ಟ್‌ನಲ್ಲಿ ಇನ್ಸುಲಿನ್ ಅವರ ಕೈ ಸೇರಿತು. ಮೊದಲ ಚುಚ್ಚುಮದ್ದು ಪಡೆದ ಎಲಿಜಬೆತ್ ಮಜ್ ಎಂಬ ದಾದಿಯ ತೂಕ ಆಗ ಕೇವಲ 31 ಕಿಲೋ. ಕೆಲವೇ ವಾರಗಳಲ್ಲಿ ಆಕೆ ನಡೆದಾಡುವಂತಾದರು. ಔಷಧ ಬಂದಿತೆಂದು ಜೋಸ್ಲಿನ್ ಪಥ್ಯವನ್ನು ಕೈಬಿಡಲಿಲ್ಲ. ಆಹಾರ, ಇನ್ಸುಲಿನ್, ವ್ಯಾಯಾಮ ಇವು ಮೂರು ಕುದುರೆಗಳಿದ್ದಂತೆ, ರಥ ನಡೆಸುವವನು ರೋಗಿಯೇ ಎಂಬುದು ಅವರ ಬೋಧನೆಯ ತಿರುಳು. ಇದಕ್ಕಾಗಿ ದಾದಿಯರನ್ನು ತರಬೇತುಗೊಳಿಸಿ ರೋಗಿಗಳಿಗೆ ಪಾಠ ಹೇಳಿಸಿದರು.

ಈ ಶಿಸ್ತನ್ನು ಒಪ್ಪದ ವೈದ್ಯರೂ ಇದ್ದರು. ಬೇಕಾದ್ದನ್ನು ತಿನ್ನಲಿ, ಇನ್ಸುಲಿನ್ ಇದೆಯಲ್ಲ ಎಂಬುದು ಅವರ ವಾದವಾಗಿತ್ತು. ಸಕ್ಕರೆಯ ಹತೋಟಿಯಿಂದ ಕಣ್ಣು, ಮೂತ್ರಪಿಂಡ ಉಳಿಯುತ್ತವೆಂಬುದಕ್ಕೆ ಆಗ ನಿರ್ಣಾಯಕ ಪುರಾವೆ ಇರಲಿಲ್ಲ. ವಿವಾದ ಬಗೆಹರಿಯುವ ಮುನ್ನವೇ, 1962ರ ಜನವರಿಯಲ್ಲಿ, 92ನೇ ವಯಸ್ಸಿನಲ್ಲಿ ಜೋಸ್ಲಿನ್ ನಿಧನರಾದರು. ಬೆರಳ ತುದಿಯ ಒಂದು ಹನಿ ರಕ್ತದಿಂದ ಮನೆಯಲ್ಲೇ ಸಕ್ಕರೆ ಅಳೆಯುವ ಯಂತ್ರಗಳು ಅನಂತರ ಬಂದವು. 1,441 ಮಂದಿ ಟೈಪ್-1 ಮಧುಮೇಹಿಗಳ ಮೇಲೆ ನಡೆದ ಅಧ್ಯಯನ 1993ರಲ್ಲಿ, ಟೈಪ್-2 ಕುರಿತ ಬ್ರಿಟನ್ನಿನ ಅಧ್ಯಯನ 1998ರಲ್ಲಿ ಅವರ ನಿಲುವನ್ನು ಸಮರ್ಥಿಸಿದವು.

ಜೋಸ್ಲಿನ್ ಅವರ ಪಾಠಕ್ಕೆ ಯಾದಗಿರಿ ಸೀಮೆಯಲ್ಲಿ ವಿಶೇಷ ಅರ್ಥವಿದೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಜೋಳದ ಹೊಲಗಳಲ್ಲಿ ಭತ್ತ ಹಬ್ಬಿತು. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರಿನಂಶ ಹೆಚ್ಚು. ಅದರೊಂದಿಗೆ ಬೇಳೆ, ಸೊಪ್ಪಿನ ಪಲ್ಯ ಸೇರಿದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಆದರೆ ರೊಟ್ಟಿಗೂ ಲೆಕ್ಕವಿರಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ತಾವು ತಿಂದದ್ದನ್ನೂ ಯಂತ್ರ ತೋರಿದ ಅಂಕಿಯನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸುವ ರೋಗಿ, ಜೋಸ್ಲಿನ್ ಬಯಸಿದ್ದ ಸಾರಥಿಯೇ ಆಗುತ್ತಾನೆ.